ಕೆರೆ ಶುದ್ಧಿ ಮಾಡೋಕೆ ಬಂದವರೇ, ಒಂದು ನಿಮಿಷ

ಪೋಸ್ಟ್ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬಯ್ಯೋರು ಬಯ್ಯಿರಿ.

ಕಳೆದ ಭಾನುವಾರ ಕೋಲಾರ ಕಡೆಯ ನಮ್ಮೂರ ಕೆರೆಗೆ ಬೆಂಗಳೂರಿಂದ ಎರಡು ಬಸ್ ಬಂದವು. ಹಸಿರು ಟೀ ಶರ್ಟು, ಕೈಗೆ ಗ್ಲೌಸು, ತಲೆಗೆ ಟೋಪಿ. ಹತ್ತಿರ ಹತ್ತಿರ ಎಂಬತ್ತು ಜನ. ಮುಂದಾಳತ್ವ ವಹಿಸಿದ್ದ ಹುಡುಗ ಒಂದು ವಾರದಿಂದ ನನಗೆ ಫೋನ್ ಮಾಡ್ತಾನೇ ಇದ್ದ. "ಅಕ್ಕಾ, ನೀವು ಲೋಕಲ್ಲು, ನಿಮ್ಮ ಕಾಲೊನಿಯವರನ್ನೂ ಕರ್ಕೊಂಡು ಬನ್ನಿ, ಇದು ಎಲ್ಲರ ಕೆರೆ ಅಲ್ವಾ" ಅಂದ. ಒಳ್ಳೆ ಹುಡುಗ. ಮಾತಲ್ಲಿ ಮರ್ಯಾದೆ ಇತ್ತು. ಹೋದೆ. ಹನ್ನೆರಡು ಜನರನ್ನ ಕರ್ಕೊಂಡೇ ಹೋದೆ. ಮೂರು ಗಂಟೆ ಕವರು, ಬಾಟ್ಲಿ, ಹರಿದ ಚಪ್ಪಲಿ, ಪೂಜೆ ಮಾಡಿ ಬಿಸಾಕಿದ ದೇವರ ಪಟ ಎಲ್ಲ ಆಯ್ದ್ವಿ. ಇದನ್ನ ಮೊದಲೇ ಹೇಳ್ತಿರೋದು ಯಾಕಂದ್ರೆ, ಇವಳು ಮನೇಲಿ ಕೂತು ಮಾಡೋರನ್ನ ಟೀಕೆ ಮಾಡ್ತಾಳೆ ಅಂತ ಯಾರೂ ಕಾಮೆಂಟ್ ಹಾಕಬಾರದು.

ಹತ್ತು ಗಂಟೆ ಹೊತ್ತಿಗೆ ತೂಬಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಕವರುಗಳ ರಾಶಿ ಎಳೆದಾಗ ಅದರಡಿ ಒಂದು ಸತ್ತ ನಾಯಿ ಇತ್ತು. ಊದಿಕೊಂಡಿತ್ತು. ನಾತ. ಕವರು ಎಳೆದ ಹುಡುಗಿ ಹಿಂದಕ್ಕೆ ಜಿಗಿದಳು. ಆಗ ಯಾರೋ ಕೂಗಿದ್ರು: "ಅದನ್ನ ಬಿಡಿ, ಅವ್ರು ತೆಗೀತಾರೆ."

ಅವ್ರು ಅಂದ್ರೆ ಯಾರು? ಹೊಂಗೆ ಮರದ ಕೆಳಗೆ ನಿಂತಿದ್ದ ಪಂಚಾಯ್ತಿಯ ಕಸದ ಕೆಲಸದ ಮೂರು ಜನ. ಅವರಿಗೆ ಭಾನುವಾರ ರಜೆ. ಕರೆದು ನಿಲ್ಲಿಸಿದ್ರು. ಅದರಲ್ಲಿ ಒಬ್ಬಾಕೆ ನನಗೆ ವರಸೆಯಲ್ಲಿ ಚಿಕ್ಕಮ್ಮ ಆಗಬೇಕು. ಅವರಿಗೆ ಗ್ಲೌಸ್ ಇರಲಿಲ್ಲ, ವಾಲಂಟಿಯರ್‌ಗಳ ಲೆಕ್ಕಕ್ಕೆ ಮಾತ್ರ ತಂದಿದ್ರಂತೆ. ಚಿಕ್ಕಮ್ಮ ಎರಡು ಕೈಗೂ ಒಂದೊಂದು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ನೀರಿಗಿಳಿದು ನಾಯಿಯನ್ನ ಎಳೆದು ತಂದಳು. ನಾನು ಇಳಿದು ಒಂದು ಕಾಲು ಹಿಡಿದುಕೊಂಡೆ. ನಮ್ಮಿಬ್ಬರ ಹಿಂದೆ ಇನ್ಯಾರೂ ಬರಲಿಲ್ಲ.

ಆಮೇಲೆ ಗ್ರೂಪ್ ಫೋಟೋ. ಚಿಕ್ಕಮ್ಮ ಕೈ ತೊಳೀತಾ ಇದ್ದಳು. ಅವಳನ್ನ ಯಾರೂ ಕರೀಲಿಲ್ಲ. ನಾನೂ ಕರೀಲಿಲ್ಲ. ಫೋಟೋದಲ್ಲಿ ನಾನಿದ್ದೀನಿ, ಎಡಗಡೆಯಿಂದ ಮೂರನೆಯವಳು. ಈ ಪೋಸ್ಟ್ ಬರೀತಿರೋದಕ್ಕೆ ಆ ನಾಚಿಕೆಯೂ ಒಂದು ಕಾರಣ.

ಇಷ್ಟೇ ಆಗಿದ್ರೆ ಸುಮ್ನೆ ಇರ್ತಿದ್ದೆನೇನೋ. ಇಂಥದ್ದು ನಾವು ದಿನಾ ನೋಡೋದೇ. ಆದ್ರೆ ಏರಿ ಮೇಲೆ ಒಂದು ಫ್ಲೆಕ್ಸ್ ಕಟ್ಟಿದ್ರು, "ನಮ್ಮ ಕೆರೆ: ನಾಳೆ ಹೀಗೆ" ಅಂತ. ಕಂಪನಿಯ ಸಿಎಸ್‌ಆರ್ ದುಡ್ಡಲ್ಲಿ ಆಗೋ ಕೆಲಸದ ನಕ್ಷೆ. ಸುತ್ತ ತಂತಿಬೇಲಿ, ವಾಕಿಂಗ್ ಪಾತು, ಹಕ್ಕಿ ನೋಡೋಕೆ ಗೋಪುರ, ಮಕ್ಕಳಿಗೆ ಉಯ್ಯಾಲೆ, ಬೆಳಗ್ಗೆ ಸಂಜೆ ಮಾತ್ರ ತೆರೆಯೋ ಗೇಟು. ದಕ್ಷಿಣದ ದಡದಲ್ಲಿ ಒಂದು ತುಂಡಿಗೆ ಕೆಂಪು ಗೆರೆ ಹೊಡೆದು ಬರೆದಿದ್ರು: "ಒತ್ತುವರಿ, ತೆರವು".

ಆ ತುಂಡು ನಮ್ಮ ಸ್ಮಶಾನ. ಅಲ್ಲಿ ನಮ್ಮ ತಾತ ಮಲಗಿದ್ದಾನೆ.

ನಮ್ಮ ತಾತ ಆ ಕೆರೆಯ ನೀರುಗಂಟಿ. ಈಗಿನವರಿಗೆ ಆ ಮಾತೇ ಗೊತ್ತಿಲ್ಲ, ಅದಕ್ಕೆ ಹೇಳ್ತೀನಿ. ಹಳೆ ಮೈಸೂರಿನ ಈ ಕಡೆ ಎಷ್ಟೋ ಊರುಗಳಲ್ಲಿ ಕೆರೆ ನೋಡಿಕೊಳ್ಳೋ ಕೆಲಸ ನಮ್ಮ ಕೇರಿಯವರದ್ದು. ತೂಬು ಎತ್ತೋದು, ಇಳಿಸೋದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಮೇಲೆ ನೀರು ಹಂಚೋದು, ಕಾಲುವೆ ಕಟ್ಟಿಕೊಂಡ್ರೆ ಬಿಡಿಸೋದು. ದೊಡ್ಡ ಮಳೆ ಹಿಡಿದ ರಾತ್ರಿ ಕಂದೀಲು ಹಿಡಿದು ಏರಿ ಮೇಲೆ ನಡೀಬೇಕು. ಎಲ್ಲಿ ನೀರು ಜಿನುಗ್ತಿದೆ, ಎಲ್ಲಿ ಇಲಿ ಬಿಲ ತೋಡಿದೆ, ಕೋಡಿ ಬೀಳೋಕೆ ಇನ್ನೆಷ್ಟು ಅಡಿ ಇದೆ, ಎಲ್ಲ ಅವನ ಲೆಕ್ಕ. ಏರಿ ಒಡೆದ್ರೆ ಮೊದಲು ಬೈಗುಳ, ಹೊಡೆತ ಅವನಿಗೆ. ಕೂಲಿ ಅಂತ ದುಡ್ಡಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು, ಅವರು ಸುರಿದಷ್ಟು ಆಯ ಸೆರಗಿಗೆ, ವಲ್ಲಿಗೆ ಹಾಕಿಸಿಕೊಂಡು ಬರಬೇಕು.

ಊರಿನ ಅಷ್ಟೂ ಗದ್ದೆಗೆ ನೀರು ಕೊಟ್ಟ ಆ ಕೈ ಊರ ಬಾವಿಯ ಹಗ್ಗ ಮುಟ್ಟೋ ಹಾಗಿರಲಿಲ್ಲ. ನಮ್ಮಜ್ಜಿ ಬಾವಿ ಕಟ್ಟೆಯಿಂದ ದೂರ ಕೊಡ ಇಟ್ಟು, ಯಾರಾದ್ರೂ ಮೇಲಿಂದ ಸುರೀಲಿ ಅಂತ ಕಾಯ್ತಾ ಕೂರ್ತಿದ್ದಳು. ಸತ್ತಾಗ ಹೂಳೋಕೂ ಜಾಗ ಇಲ್ಲ. ನೀರು ಇಳಿದಾಗ ಮಾತ್ರ ಕಾಣೋ, ಯಾರಿಗೂ ಬೇಡದ ಕೆರೆ ಅಂಚು ತೋರಿಸಿದ್ರು. ಈಗ ಆ ಅಂಚೂ ಒತ್ತುವರಿ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ವಂಶಪಾರಂಪರ್ಯ ಚಾಕರಿಗಳನ್ನ ತೆಗೆದುಹಾಕ್ತು. ಒಳ್ಳೇದೇ ಆಯ್ತು. ಬಿಟ್ಟಿ ಚಾಕರಿ ವಾಪಸ್ ಬರಲಿ ಅಂತ ನಾನು ಹೇಳ್ತಿಲ್ಲ, ಯಾರೂ ಹಾಗೆ ತಿರುಚಬೇಡಿ. ಆದ್ರೆ ಚಾಕರಿ ಹೋದಾಗ ಅದರ ಜೊತೆ ಇದ್ದ ತಿಳುವಳಿಕೆಗೆ ಯಾರೂ ಬೆಲೆ ಕಟ್ಟಲಿಲ್ಲ. ಸಣ್ಣ ನೀರಾವರಿ ಇಲಾಖೆಯ ಕಡತದಲ್ಲಿ ಕೆರೆಯ ಎಕರೆ ಇದೆ, ಆಳ ಇದೆ, ನಮ್ಮ ತಾತನ ಹೆಸರಿಲ್ಲ. ಈಗ ಆ ಕೆರೆಯನ್ನ ಉಳಿಸೋಕೆ ಎಪ್ಪತ್ತು ಕಿಲೋಮೀಟರ್ ದೂರದಿಂದ ಜನ ಬಂದು ನಮಗೇ ಕೆರೆ ಅಂದ್ರೆ ಏನು ಅಂತ ಮೈಕಲ್ಲಿ ಪಾಠ ಮಾಡ್ತಾರೆ.

"ಶ್ರಮದಾನ" ಅಂತ ಬ್ಯಾನರ್ ಮೇಲೆ ಇತ್ತು. ಈ ಮಾತಿನ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ದಾನ ಕೊಡಬೇಕಂದ್ರೆ ಮೊದಲು ಅದು ನಿಮ್ಮದಾಗಿರಬೇಕು. ನಮ್ಮ ಶ್ರಮ ಯಾವತ್ತು ನಮ್ಮದಾಗಿತ್ತು? ವಾರಕ್ಕೆ ಐದು ದಿನ ಎಸಿ ರೂಮಲ್ಲಿ ಕೂತವರಿಗೆ ಭಾನುವಾರ ಮಣ್ಣು ಮುಟ್ಟೋದು ಸೇವೆ, ಮನಸ್ಸಿಗೆ ನೆಮ್ಮದಿ. ಒಪ್ತೀನಿ. ಚಿಕ್ಕಮ್ಮನಿಗೆ ಅದೇ ಮಣ್ಣು ಸೋಮವಾರದಿಂದ ಶನಿವಾರದವರೆಗೂ ಇದೆ. ಅವಳನ್ನ ಭಾನುವಾರವೂ ಕರೆದು, ಕೂಲಿ ಕೊಡದೆ, ನಾಯಿ ಎತ್ತಿಸಿದ್ರೆ ಅದಕ್ಕೆ ಶ್ರಮದಾನ ಅನ್ನಲ್ಲ. ಅದಕ್ಕೆ ನಮ್ಮ ತಾತನ ಕಾಲದಲ್ಲೇ ಒಂದು ಹೆಸರಿತ್ತು: ಬಿಟ್ಟಿ.

ಇನ್ನು "ಕೆರೆ ಶುದ್ಧಿ" ಅನ್ನೋ ಮಾತು. ಬ್ಯಾನರ್ ಬರೆಸಿದ ಹುಡುಗನಿಗೆ ಈ ಚರಿತ್ರೆ ಗೊತ್ತಿರಲಿಕ್ಕಿಲ್ಲ, ಅವನ ಶಾಲೆಯಲ್ಲಿ ಹೇಳಿಕೊಟ್ಟಿರಲ್ಲ. 1923ರಲ್ಲಿ ಬಾಂಬೆ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ನಿರ್ಣಯ ಮಾಡ್ತು. 1924ರಲ್ಲಿ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆಯನ್ನ ತೆರೆದಿದೆ ಅಂತ ಕಾಗದದ ಮೇಲೆ ಬರೆದುಕೊಂಡ್ತು. ಕಾಗದದ ಮೇಲೆ ಮಾತ್ರ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ಕೆರೆಯ ನೀರು ಬೊಗಸೆಯಲ್ಲಿ ಎತ್ತಿ ಕುಡಿದ್ರು. ಸವರ್ಣರು ದೊಣ್ಣೆ ಹಿಡಿದು ಬಂದು ನಮ್ಮವರನ್ನ ಹೊಡೆದ್ರು. ಆಮೇಲೆ ಏನು ಮಾಡಿದ್ರು ಗೊತ್ತಾ? ಕೆರೆ ಶುದ್ಧಿ ಮಾಡಿದ್ರು. 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ತಂದು, ಮಂತ್ರ ಹೇಳಿ ಕೆರೆಗೆ ಸುರಿದ್ರು. ದನ ಕರು ಕುಡಿದಾಗ ಮೈಲಿಗೆ ಆಗದ ನೀರು ಮನುಷ್ಯ ಕುಡಿದಾಗ ಮೈಲಿಗೆ ಆಗಿತ್ತು. ಆ ಕೆರೆ ಮೇಲೆ ನಮ್ಮ ಹಕ್ಕು ಇದೆ ಅಂತ ಬಾಂಬೆ ಹೈಕೋರ್ಟ್ ಹೇಳೋಕೆ 1937 ಆಯ್ತು.

ಅದಕ್ಕೆ ಯಾರಾದ್ರೂ ಕೆರೆ ಶುದ್ಧಿ ಅಂದ್ರೆ ನಾನು ಒಂದೇ ಪ್ರಶ್ನೆ ಕೇಳೋದು. ನಿಮ್ಮ ಲೆಕ್ಕದಲ್ಲಿ ಕೊಳೆ ಅಂದ್ರೆ ಯಾವುದು? ಮೋರಿ ನೀರಾ, ಕವರಾ, ಅಥವಾ ನಾವಾ?

ನಮ್ಮೂರ ಫ್ಲೆಕ್ಸ್ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಅದೇ ಕೆರೆಯ ಅಂಗಳದೊಳಗೆ ಪಶ್ಚಿಮಕ್ಕೆ ಒಂದು ತೆಂಗಿನ ತೋಟ ಇದೆ. ಊರಿಗೇ ಗೊತ್ತು. ಅದಕ್ಕೆ ಕೆಂಪು ಗೆರೆ ಇಲ್ಲ. ಕೇಳಿದ್ರೆ, "ಅದು ಇನ್ನೂ ಸರ್ವೆ ಆಗಬೇಕು ಮೇಡಂ" ಅಂದ್ರು. ಮೇಲಿನ ಲೇಔಟಿನ ಮೋರಿ ನೇರ ರಾಜಕಾಲುವೆಗೆ ಬಿದ್ದಿದೆ. ಅದಕ್ಕೂ ಗೆರೆ ಇಲ್ಲ. ಸತ್ತವರ ಗುಂಡಿಗಳಿಗೆ ಮಾತ್ರ ಸರ್ವೆ ಬೇಡ, ನೋಟಿಸ್ ಬೇಡ, ಕಣ್ಣಲ್ಲೇ ಅಳತೆ ಆಗೋಗುತ್ತೆ.

"ಎಲ್ಲದಕ್ಕೂ ಜಾತಿ ತರ್ತೀರಲ್ಲ, ಪರಿಸರಕ್ಕೆ ಯಾವ ಜಾತಿ?" ಅಂತ ಈಗಾಗಲೇ ಒಬ್ಬರು ಇನ್‌ಬಾಕ್ಸಲ್ಲಿ ಕೇಳಿದ್ದಾರೆ. ಸ್ವಾಮಿ, ನೀರಿಗೆ ಜಾತಿ ಇಲ್ಲ. ಸತ್ತ ನಾಯಿ ಎತ್ತೋ ಕೈಗೆ ಇದೆ. ಅದನ್ನ ತಂದಿದ್ದು ನಾನಲ್ಲ.

ಕೆರೆ ಸಾಯೋದು ಕವರಿಂದಲ್ಲ, ಮೋರಿಯಿಂದ ಅನ್ನೋದು ಈ ಕೆಲಸ ಮಾಡೋ ಎಲ್ಲರಿಗೂ ಗೊತ್ತು. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ, ಬೆಂಕಿ ಹತ್ತಿ ಉರಿದಿದ್ದು ಜಗತ್ತೇ ನೋಡಿದೆ. ಅದು ಗುಡಿಸಲಿನವರ ಮೋರಿಯಿಂದ ಆಗಿದ್ದಾ? ನೀರು ಶುದ್ಧ ಮಾಡೋ ಎಸ್‌ಟಿಪಿ ಇದ್ದ ಕಡೆಯಾದ್ರೂ ಅದರ ಗುಂಡಿಗೆ ಇಳಿಯೋರು ಯಾರು? 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟ್ ಹತ್ತಿರದ ಸೋಮಸುಂದರಪಾಳ್ಯದಲ್ಲಿ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ ಮೂರು ಜನ ಉಸಿರುಗಟ್ಟಿ ಸತ್ತರು. ಮನುಷ್ಯರನ್ನ ಹೀಗೆ ಇಳಿಸಬಾರದು ಅಂತ 2013ರಲ್ಲೇ ಕಾಯ್ದೆ ಆಗಿದೆ. ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನಡೀತಿದೆಯಾ, ಅದನ್ನ ಯಾರು ಕ್ಲೀನ್ ಮಾಡ್ತಾರೆ, ಅವರಿಗೆ ಯಾವ ಯಂತ್ರ ಕೊಟ್ಟಿದ್ದೀರಿ, ಇದನ್ನ ನಿಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ಕೇಳೋದು ನಮ್ಮೂರಿಗೆ ಬಸ್ಸಲ್ಲಿ ಬರೋದಕ್ಕಿಂತ ದೊಡ್ಡ ಕೆರೆ ಸೇವೆ.

ಇದು ಕೆರೆಯ ಕತೆ ಮಾತ್ರ ಅಲ್ಲ, ಕಾಡಿನಲ್ಲೂ ಹೀಗೇ ಆಗಿದೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯ ಆದಾಗ ಸೋಲಿಗರನ್ನ ಒಳಗಿನ ಪೋಡುಗಳಿಂದ ಅಂಚಿಗೆ ತಂದು ಕೂರಿಸಿದ್ರು. ಕಾಲಕಾಲಕ್ಕೆ ಅವರು ಹಾಕ್ತಿದ್ದ ತರಗು ಬೆಂಕಿಯನ್ನ ನಿಲ್ಲಿಸಿದ್ರು. ಆ ಬೆಂಕಿ ನಿಂತ ಮೇಲೆ ಲಂಟಾನ ಕಾಡು ತುಂಬಾ ಹಬ್ಬಿತು ಅಂತ ಸೋಲಿಗ ಹಿರಿಯರು ಹೇಳ್ತಾನೇ ಬಂದ್ರು, ಯಾರು ಕೇಳಿದ್ರು? 2006ರ ಅರಣ್ಯ ಹಕ್ಕು ಕಾಯ್ದೆ ಬಂದು, ಹೋರಾಡಿ, 2011ರಲ್ಲಿ ಅವರಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ತು. ಅಂದ್ರೆ ಮೊದಲು ಬಲ್ಲವರನ್ನ ಹೊರಗೆ ಹಾಕೋದು, ಆಮೇಲೆ ಕಾಡು ಕೆಡೋದು, ಆಮೇಲೆ ಕಾಡು ಉಳಿಸೋಕೆ ಹೊರಗಿನವರನ್ನ ಕರೆಯೋದು. ನಮ್ಮ ಕೆರೆಯದ್ದೂ ಇದೇ ದಾರಿ.

ಈಗ ನಮ್ಮವರಿಗೆ ಎರಡು ಮಾತು. ಇಲ್ಲಿವರೆಗೆ ಲೈಕ್ ಒತ್ತಿದವರು ಇದನ್ನೂ ಓದಬೇಕು.

ಭಾನುವಾರ ನಾನು ಕೆರೆಗೆ ಹೋಗಿದ್ದಕ್ಕೆ ಸಂಘಟನೆಯ ಒಬ್ಬ ಅಣ್ಣ ಫೋನ್ ಮಾಡಿ ಬೈದ್ರು. "ನಿನಗೆ ಬೇರೆ ಕೆಲಸ ಇಲ್ವಾ? ಭೂಮಿ ಹೋರಾಟ ಇದೆ, ಮೀಸಲಾತಿ ಇದೆ, ದೌರ್ಜನ್ಯದ ಕೇಸುಗಳಿವೆ. ಗುಬ್ಬಚ್ಚಿ, ಗಿಡ, ಕೆರೆ ಇವೆಲ್ಲ ಹೊಟ್ಟೆ ತುಂಬಿದವರ ಚಟ" ಅಂದ್ರು. ಅಣ್ಣನ ಮೇಲೆ ನನಗೆ ಗೌರವ ಇದೆ. ನನ್ನ ಕೈಗೆ ಅಂಬೇಡ್ಕರ್ ಪುಸ್ತಕ ಕೊಟ್ಟವರೇ ಅವರು. ಆದ್ರೆ ಈ ಮಾತು ತಪ್ಪು.

ಕೆರೆ ಕೆಟ್ಟರೆ ಮೊದಲು ಒಣಗೋದು ಯಾರ ಬಾಯಿ? ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿ ಬಿಡ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ಜನ ಕೇಳ್ತಾ ಬಂದಿದ್ದಾರೆ. ಆ ನೀರಲ್ಲಿ ಏನಿದೆ ಅನ್ನೋ ಪ್ರಶ್ನೆ ಸ್ವಂತ ಬೋರು, ಮನೇಲಿ ಫಿಲ್ಟರು ಇರೋರಿಗಿಂತ ನಮ್ಮ ಕಾಲೊನಿಗೆ ಹೆಚ್ಚು ಬೇಕು. ಕೆರೆ ಅಂಚಲ್ಲಿ ಹೊನಗೊನ್ನೆ ಸೊಪ್ಪು ಕಿತ್ತು ಸಂತೆಗೆ ಒಯ್ಯೋರು ನಮ್ಮ ಹೆಣ್ಣುಮಕ್ಕಳು. ಎರಡು ಕುರಿ ಕಟ್ಟಿಕೊಂಡ ಭೂಮಿ ಇಲ್ಲದವನಿಗೆ ಕೆರೆ ಅಂಗಳವೇ ಹುಲ್ಲುಗಾವಲು. ಮೀನು, ಏಡಿ, ಆಪು, ಜೊಂಡು ಇವೆಲ್ಲ ಪಹಣಿಯಲ್ಲಿ ಹೆಸರಿಲ್ಲದವರ ಆಸ್ತಿ. ಬೇಲಿ ಬಿದ್ದ ದಿನ ಈ ಆಸ್ತಿ ಹೋಗುತ್ತೆ, ಪರಿಹಾರದ ಪಟ್ಟಿಯಲ್ಲೂ ಬರಲ್ಲ. ಹಾಗಿದ್ಮೇಲೆ ಕೆರೆ ಹೋರಾಟ ಭೂಮಿ ಹೋರಾಟ ಅಲ್ದೆ ಇನ್ನೇನು?

ಬಾಬಾಸಾಹೇಬರು ಮಹಾಡ್‌ಗೆ ಹೋಗಿದ್ದು ಒಂದು ಕೆರೆಗೆ. ಆ ನೀರು ಕುಡಿಯದಿದ್ರೆ ಯಾರೂ ಸಾಯ್ತಿರಲಿಲ್ಲ, ಆದ್ರೂ ಹೋದ್ರು. ಯಾಕಂದ್ರೆ ಊರಿನ ನೀರಿನ ಮೇಲೆ ಹಕ್ಕಿಲ್ಲದವನಿಗೆ ಊರಲ್ಲೂ ಹಕ್ಕಿಲ್ಲ. ನಾವು ಕೆರೆಯನ್ನ ಸವರ್ಣರ ಭಾನುವಾರದ ಚಟ ಅಂತ ಬಿಟ್ಟುಕೊಟ್ರೆ ಅವರು ಸಂತೋಷವಾಗಿ ಬೇಲಿ ಹಾಕಿಕೊಳ್ತಾರೆ.

ಇನ್ನೊಂದು ವಿಷಯ, ಇದನ್ನ ಎಲ್ಲರೂ ಬರೆದಿಟ್ಟುಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರ ನಿಯಮಗಳಲ್ಲಿ ಆ ಸಮಿತಿಗೆ ಅಧ್ಯಕ್ಷರ ಜೊತೆ ಆರು ಜನರವರೆಗೆ ಸದಸ್ಯರು, ಅದರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಹೆಂಗಸರು, ಶೇ. 18ಕ್ಕೆ ಕಡಿಮೆ ಇಲ್ಲದಂತೆ ಪರಿಶಿಷ್ಟ ಜಾತಿ ಪಂಗಡದವರು ಇರಬೇಕು ಅಂತ ಬರೆದಿತ್ತು. ಊರಿನ ಗಿಡ, ಮರ, ಮೀನು, ಔಷಧಿ, ಅದನ್ನ ಬಲ್ಲವರು ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕಾದ್ದು ಇದೇ ಸಮಿತಿ. ನಮ್ಮ ಪಂಚಾಯ್ತಿಯಲ್ಲಿ ಕೇಳಿದೆ. ಸಮಿತಿ ಇದೆ. ನಮ್ಮ ಕೇರಿಯ ಒಬ್ಬರು ಅದರ ಸದಸ್ಯರು. ಅವರಿಗೇ ಗೊತ್ತಿಲ್ಲ! ಯಾವತ್ತೋ ಒಂದು ಸಹಿ ಹಾಕಿಸಿಕೊಂಡಿದ್ರಂತೆ. ದಾಖಲಾತಿ ಪುಸ್ತಕದಲ್ಲಿ ನಮ್ಮ ಕೆರೆಗೆ ಒಂದೇ ಪುಟ. ನಮ್ಮಜ್ಜಿ ಬರೀ ಕೆರೆ ಅಂಚಲ್ಲೇ ಇಪ್ಪತ್ತು ಬಗೆ ಸೊಪ್ಪಿನ ಹೆಸರು ಹೇಳ್ತಾಳೆ.

ನಮ್ಮ ಹುಡುಗ ಹುಡುಗಿಯರು ವಾಲಂಟಿಯರ್ ಆಗಬೇಕು ಅಂದ್ರೆ ಇಲ್ಲಿ ಆಗಲಿ. ಕವರು ಆಯೋಕೆ ನಮ್ಮನ್ನ ಕರೆಯೋದು ಬೇಡ, ಆ ಕೆಲಸ ನಾವು ತಲೆತಲಾಂತರದಿಂದ ಮಾಡಿದ್ದೀವಿ. ನಾವು ಪೆನ್ನು ಹಿಡಿದು ಹೋಗೋಣ. ನಮ್ಮ ಪಂಚಾಯ್ತಿಯ ಪುಸ್ತಕ ಕೇಳಿ ಪಡೆಯೋಣ. ಅಜ್ಜಿಯರನ್ನ ಕೂರಿಸಿಕೊಂಡು ಸೊಪ್ಪಿನ ಹೆಸರು, ಮೀನಿನ ಹೆಸರು, ತೂಬಿನ ಲೆಕ್ಕ, ಕೊನೆಯ ನೀರುಗಂಟಿಯ ಹೆಸರು, ಎಲ್ಲ ಬರೆಯೋಣ. ಬರೆದಿದ್ದು ದಾಖಲೆ ಆಗುತ್ತೆ. ನಾಳೆ ಯಾರೋ ಕೆಂಪು ಗೆರೆ ಎಳೆದಾಗ ತೋರಿಸೋಕೆ ನಮ್ಮ ಹತ್ತಿರ ಒಂದು ಪುಟ ಇರುತ್ತೆ.

ಬೆಂಗಳೂರಿಂದ ಬರೋ ಗೆಳೆಯರಿಗೆ ನಾನು ಬರಬೇಡಿ ಅಂತ ಹೇಳ್ತಿಲ್ಲ. ಬನ್ನಿ. ಆದ್ರೆ ಹೀಗೆ ಬನ್ನಿ:

1. ಕಸ ಎತ್ತೋಕೆ ಕರೆದ ಕಾರ್ಮಿಕರಿಗೆ ಆ ದಿನದ ಕೂಲಿ ಕೊಡಿ. ಗ್ಲೌಸ್, ಬೂಟು ಮೊದಲು ಅವರಿಗೆ. ಮಿಕ್ಕಿದ್ದು ನಮಗೆ.

2. "ಅವ್ರು ತೆಗೀತಾರೆ" ಅನ್ನೋ ಮಾತು ಕ್ಯಾಂಪಿನಲ್ಲಿ ಕೇಳಿಸಬಾರದು. ಸತ್ತ ನಾಯಿ ಸಿಕ್ಕಿದ್ರೆ ಕವರು ಎಳೆದವರೇ ಎಳೀಲಿ. ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಮನೆಗೆ ಹೋಗೋ ಬಸ್ಸಲ್ಲಿ ಯೋಚನೆ ಮಾಡಲಿ.

3. ನಕ್ಷೆ ಪ್ರಿಂಟ್ ಹಾಕಿಸೋ ಮೊದಲು ಕಾಲೊನಿಯಲ್ಲಿ ಕೂತು ಮಾತಾಡಿ. ಬೇಲಿ ಹಾಕೋದಾದ್ರೆ ಸೊಪ್ಪಿಗೆ, ಕುರಿಗೆ, ಮೀನಿಗೆ ದಾರಿ ಎಲ್ಲಿ ಅನ್ನೋದು ಅದರಲ್ಲಿ ಇರಬೇಕು.

4. ಒತ್ತುವರಿ ತೆಗೆಯೋದಾದ್ರೆ ತೆಂಗಿನ ತೋಟದಿಂದ, ಲೇಔಟಿನ ಮೋರಿಯಿಂದ ಶುರು ಮಾಡಿ.

5. ಸ್ಮಶಾನ ಮುಟ್ಟೋ ಮೊದಲು ಬದಲಿ ಜಾಗ, ಹಕ್ಕುಪತ್ರ ಸಮೇತ. ಸ್ಮಶಾನಕ್ಕೆ ಜಾಗ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ 2019ರಲ್ಲಿ ನಮ್ಮ ಹೈಕೋರ್ಟೇ ಸರ್ಕಾರಕ್ಕೆ ಹೇಳಿದೆ. ಅದು ಆಗೋವರೆಗೆ ಅಲ್ಲಿ ಒಂದು ಗೂಟ ನೆಡೋಕೂ ಬಿಡಲ್ಲ.

ಈ ಐದನ್ನ ಬರೆದು ಆ ಹುಡುಗನಿಗೆ ಕಳಿಸಿದೆ. ಎರಡು ದಿನ ಉತ್ತರ ಇರಲಿಲ್ಲ. ನಿನ್ನೆ ರಾತ್ರಿ ಒಂದು ಮೆಸೇಜ್ ಬಂತು: "ಅಕ್ಕಾ, ಆ ಜಾಗ ಸ್ಮಶಾನ ಅಂತ ನಮಗೆ ಯಾರೂ ಹೇಳಲಿಲ್ಲ. ಕಲ್ಲು ಇರಲಿಲ್ಲ." ಅವನು ಸುಳ್ಳು ಹೇಳ್ತಿಲ್ಲ. ನಮ್ಮವರ ಗುಂಡಿಗಳ ಮೇಲೆ ಕಲ್ಲು ಇಲ್ಲ. ಕಲ್ಲು ನೆಡೋಕೆ ಯಾವತ್ತೂ ಬಿಡಲಿಲ್ಲ, ಆಮೇಲೆ ನಮ್ಮ ಹತ್ತಿರ ದುಡ್ಡಿರಲಿಲ್ಲ.

ಅಜ್ಜಿಗೆ ಫ್ಲೆಕ್ಸ್ ವಿಷಯ ಹೇಳಬಾರದು ಅಂದುಕೊಂಡಿದ್ದೆ. ಯಾರೋ ಹೇಳಿಬಿಟ್ರು. ಸುಮಾರು ಹೊತ್ತು ಸುಮ್ಮನಿದ್ದು ಕೇಳಿದಳು: "ನಿಮ್ಮ ತಾತ ಬದುಕಿದ್ದಾಗ ರಾತ್ರಿಯೆಲ್ಲ ಆ ಏರಿ ಮ್ಯಾಲೆ ಓಡಾಡಿದ. ಸತ್ತ ಮ್ಯಾಲಾದ್ರೂ ಅಲ್ಲಿ ಮನಿಕ್ಕಳಾಕೆ ಬಿಡಾಕಿಲ್ವಂತಾ?"

ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ಕೆರೆ ಹತ್ತಿರ ಸೇರ್ತಿದ್ದೀವಿ. ಆ ಹುಡುಗನೂ ಬರ್ತೀನಿ ಅಂದಿದ್ದಾನೆ, ನೋಡೋಣ. ದಕ್ಷಿಣದ ದಡದಲ್ಲಿ ನಮ್ಮ ಗುರುತಿಗೆ ಸಿಕ್ಕಷ್ಟು ಗುಂಡಿಗಳಿಗೆ ಒಂದೊಂದು ಕಲ್ಲು ನೆಟ್ಟು ಹೆಸರು ಬರೆಯೋ ಕೆಲಸ. ಮೊದಲ ಕಲ್ಲಿಗೆ ತಾತನ ಹೆಸರು, ಅದರ ಕೆಳಗೆ "ಈ ಕೆರೆಯ ನೀರುಗಂಟಿ" ಅಂತ. ಸುಣ್ಣ, ಬ್ರಶ್ಶು, ಗುದ್ದಲಿ ಇದ್ದವರು ತನ್ನಿ. ಗ್ಲೌಸ್ ತರೋರು ಮೂರು ಜೊತೆ ಜಾಸ್ತಿ ತನ್ನಿ.

ಫೋಟೋ ತೆಗೆಯೋಣ. ಈ ಸಲ ಚಿಕ್ಕಮ್ಮ ನಡುವೆ ನಿಲ್ತಾಳೆ.

ಜೈ ಭೀಮ್.